ಗಿಡದ ನೆಲೆ, ನೆಲದ ಹೆಸರು: ಸೇಡಂ–ಚಿಂಚೋಳಿ ಸೀಮೆಯಲ್ಲಿ ಅಳಿವಿನಂಚಿನ ಸಸ್ಯಗಳ ನೆಲೆಶೋಧದ ಇತಿಹಾಸ

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಹಬ್ಬಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆ ಕರ್ನಾಟಕದ ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಭೀಮಾತೀರದ ಸನ್ನತಿ ಮತ್ತು ಕನಗನಹಳ್ಳಿಗಳು ಮೌರ್ಯ–ಶಾತವಾಹನ ಕಾಲದ ಮಹತ್ವದ ಬೌದ್ಧ ನೆಲೆಗಳು. ಚಿತ್ತಾಪುರಕ್ಕೆ ಸಮೀಪದ ನಾಗಾವಿ ಹನ್ನೊಂದನೆಯ ಶತಮಾನದ ಹೆಸರಾಂತ ಘಟಿಕಾಸ್ಥಾನ. ಶಹಾಬಾದಿನ ಫರಸಿಕಲ್ಲು ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಅರಸರ, ಗುಡಿಗಳ, ಶಾಸನಗಳ ಮತ್ತು ಕಲ್ಲಿನ ಇತಿಹಾಸ ಹೀಗೆ ಒಂದಲ್ಲ ಒಂದು ಬಗೆಯಲ್ಲಿ ದಾಖಲಾಗಿರುವಾಗ ಇದೇ ನೆಲದ ಗಿಡಮರಗಳ ಇತಿಹಾಸ ಮಾತ್ರ ಬಹುಮಟ್ಟಿಗೆ ಬರೆಯಲ್ಪಡದೆ ಉಳಿದಿದೆ. ಅಳಿವಿನಂಚಿಗೆ ಬಂದ ಸಸ್ಯಗಳನ್ನು ಮತ್ತೆ ನೆಲೆಗೊಳಿಸಬೇಕೆಂಬ ಮಾತು ವಿಜ್ಞಾನಿಗಳಲ್ಲಿಯೂ ಅರಣ್ಯಾಡಳಿತದಲ್ಲಿಯೂ ಬಲಗೊಂಡಿರುವ ಈ ಕಾಲದಲ್ಲಿ ಆ ಕೊರತೆಯು ಬರಿಯ ವಿದ್ವತ್ತಿನ ಕೊರತೆಯಾಗಿ ಉಳಿದಿಲ್ಲ. ಎಲ್ಲಿ ನೆಡಬೇಕು ಎಂಬ ಪ್ರಶ್ನೆಗೆ, ಎಲ್ಲಿ ಇತ್ತು ಎಂಬುದು ತಿಳಿಯದೆ ಉತ್ತರ ಹೇಳಲಾಗದು.

ಈ ಪ್ರಶ್ನೆಗೆ ಇಂದು ಉಪಗ್ರಹದ ಮೂಲಕ ಉತ್ತರ ಹುಡುಕಲಾಗುತ್ತಿದೆ. ದೂರಸಂವೇದಿ ತಂತ್ರವೆಂದು ಕರೆಯಲಾಗುವ ಈ ವಿಧಾನವನ್ನು ತೀರ ಹೊಸದೆಂದು ಭಾವಿಸುವುದು ವಾಡಿಕೆ. ಆದರೆ ಕಾಣುವುದರಿಂದ ಕಾಣದುದನ್ನು ಊಹಿಸುವ, ನೆಲದ ಲಕ್ಷಣದಿಂದ ಗಿಡವನ್ನೂ ಗಿಡದ ಲಕ್ಷಣದಿಂದ ನೆಲವನ್ನೂ ಓದುವ ಕ್ರಮಕ್ಕೆ ಈ ಸೀಮೆಯಲ್ಲಿ ಸಾವಿರ ವರ್ಷಗಳ ಹಿನ್ನೆಲೆಯಿದೆ. ಆ ಹಿನ್ನೆಲೆಯನ್ನೂ, ಉಪಗ್ರಹದ ಓದು ನಿಂತುಹೋಗುವ ಎಡೆಗಳನ್ನೂ, ಅಲ್ಲಿ ಜನಪದರ ನೆಲಜ್ಞಾನ ವಹಿಸಬೇಕಾದ ಪಾತ್ರವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಸಸ್ಯಕೋಶಗಳ ನಡುವಿನ ನಾಡು

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದ ಸಸ್ಯಸಂಪತ್ತಿನ ಎರಡು ಮಹಾಗ್ರಂಥಗಳು ಹೊರಬಂದವು. ಥಿಯೊಡೋರ್ ಕುಕ್ ಸಿದ್ಧಪಡಿಸಿದ ಮುಂಬಯಿ ಪ್ರಾಂತದ ಸಸ್ಯಕೋಶ ೧೯೦೧ರಿಂದ ೧೯೦೮ರ ಅವಧಿಯಲ್ಲಿ ಪ್ರಕಟವಾಯಿತು. ಜೆ. ಎಸ್. ಗ್ಯಾಂಬಲ್ ಆರಂಭಿಸಿದ ಮದರಾಸು ಪ್ರಾಂತದ ಸಸ್ಯಕೋಶ ೧೯೧೫ರಿಂದ ೧೯೩೬ರವರೆಗೆ ಬಿಡಿಬಿಡಿಯಾಗಿ ಬಂದಿತು. ಇವೆರಡೂ ಪ್ರಾಂತಗಳ ಗಡಿಯನ್ನು ಅನುಸರಿಸಿದ ಗ್ರಂಥಗಳು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ ಎರಡರ ನಡುವೆ ಬಿದ್ದುಹೋಯಿತು. ಪಶ್ಚಿಮಕ್ಕೆ ವಿಜಾಪುರದವರೆಗೆ ಒಂದು ಗ್ರಂಥ ಬಂದು ನಿಂತಿತು, ಪೂರ್ವ–ದಕ್ಷಿಣಕ್ಕೆ ಕರ್ನೂಲು, ಬಳ್ಳಾರಿಯವರೆಗೆ ಇನ್ನೊಂದು. ರಾಜಕೀಯ ಗಡಿಯೊಂದು ಸಸ್ಯವಿಜ್ಞಾನದ ಗಡಿಯಾಗಿ ಪರಿಣಮಿಸಿದ ಉದಾಹರಣೆಯಿದು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, ೧೯೫೬ರ ನವೆಂಬರ್ ೧ರಂದು ಕಲಬುರಗಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಈ ಅಂತರ ಬೇಗನೆ ತುಂಬಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳಾದ ವೈ. ಎನ್. ಸೀತಾರಾಮ್, ಕೆ. ಕೋಟ್ರೇಶ ಮತ್ತು ಎಸ್. ಬಿ. ಉಪಳಾಂವಕರ ಅವರ ಗುಲಬರ್ಗಾ ಜಿಲ್ಲೆಯ ಸಸ್ಯಕೋಶ ಪ್ರಕಟವಾದುದು ೨೦೦೦ದಲ್ಲಿ.

ಇದರ ಪರಿಣಾಮವನ್ನು ಸ್ಪಷ್ಟವಾಗಿ ಹೇಳಬೇಕು. ಮಲೆನಾಡಿನ ಒಂದು ಗಿಡ ಕಣ್ಮರೆಯಾದರೆ ಅದು ನೂರು ವರ್ಷಗಳ ಹಿಂದೆ ಯಾವ ಘಟ್ಟದಲ್ಲಿ ಸಿಕ್ಕಿತ್ತೆಂದು ಹೇಳುವ ಒಣಗಿಸಿದ ಮಾದರಿಯೊಂದು ಯಾವುದಾದರೂ ಸಸ್ಯಾಗಾರದಲ್ಲಿ ಇರುತ್ತದೆ. ಕಾಗಿಣಾ ಕಣಿವೆಯ ಗಿಡಕ್ಕೆ ಅಂತಹ ಸಾಕ್ಷಿ ದೊರೆಯುವುದು ಅಪರೂಪ. ಜಿಲ್ಲೆಯ ಸಸ್ಯಪಟ್ಟಿ ಸಿದ್ಧವಾಗುವ ವೇಳೆಗೆ ಶಹಾಬಾದಿನ ಕಲ್ಲುಗಣಿಗಳು ಹಳತಾಗಿದ್ದವು. ವಾಡಿಯಲ್ಲಿ ೧೯೬೮ರಿಂದ, ಮಳಖೇಡ ಮತ್ತು ಸೇಡಂಗಳಲ್ಲಿ ೧೯೮೦ರ ದಶಕದಿಂದ ಸಿಮೆಂಟು ಕಾರ್ಖಾನೆಗಳು ಸುಣ್ಣದ ಕಲ್ಲನ್ನು ಅಗೆಯತೊಡಗಿದ್ದವು. ಪಟ್ಟಿಗೆ ಸೇರುವ ಮೊದಲೇ ಹೋದ ಗಿಡ ಕಾಗದದ ಮೇಲೆ ಎಂದೂ ಇರಲೇ ಇಲ್ಲ.

ಉದಕಾರ್ಗಳದಿಂದ ಕಲಿಯಬೇಕಾದುದು

ಗಿಡವಿಲ್ಲದೆಡೆ ಗಿಡ ತಂದು ನೆಡುವುದು ಪ್ರಭುತ್ವದ ಕರ್ತವ್ಯವೆಂಬ ಭಾವನೆಗೆ ನಮ್ಮಲ್ಲಿ ದೊರೆಯುವ ಹಳೆಯ ದಾಖಲೆ ಅಶೋಕನ ಎರಡನೆಯ ಬಂಡೆಶಾಸನ. ಮನುಷ್ಯರಿಗೂ ಪಶುಗಳಿಗೂ ಉಪಯುಕ್ತವಾದ ಮೂಲಿಕೆಗಳು ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದುದನ್ನು ಅದು ತಿಳಿಸುತ್ತದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ೧೯೮೬ರಲ್ಲಿ ಗುಡಿಯ ಕುಸಿತದ ಬಳಿಕ ಬೆಳಕಿಗೆ ಬಂದ ಶಾಸನಶಿಲೆಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆಯೇ ಹೊರತು ಎರಡನೆಯದು ಇಲ್ಲ. ಆ ಪಾಠಕ್ಕೆ ಕರ್ನೂಲು ಕಡೆಯ ಎರ್ರಗುಡಿಗೆ ಹೋಗಬೇಕು. ಯಾವ ಮೂಲಿಕೆಯನ್ನು ಎಂತಹ ನೆಲದಲ್ಲಿ ನೆಡಲಾಯಿತೆಂಬುದು ಶಾಸನದ ವಸ್ತುವಲ್ಲ. ಗಿಡ ಮತ್ತು ನೆಲದ ಸಂಬಂಧವನ್ನು ವಿವರಿಸುವ ಸಾಹಿತ್ಯ ಬೆಳೆದುದು ಬಹಳ ಕಾಲದ ನಂತರ.

ಆ ಸಾಹಿತ್ಯದಲ್ಲಿ ಉದಕಾರ್ಗಳವೆಂಬ ಶಾಸ್ತ್ರಕ್ಕೆ ವಿಶಿಷ್ಟ ಸ್ಥಾನವಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಯಾವ ಮರದ ಯಾವ ದಿಕ್ಕಿನಲ್ಲಿ ಹುತ್ತವಿದ್ದರೆ ಎಷ್ಟು ಪುರುಷಪ್ರಮಾಣದ ಆಳದಲ್ಲಿ ನೀರಿನ ಸೆಲೆ ಸಿಗುತ್ತದೆ, ನಡುವೆ ಯಾವ ಬಣ್ಣದ ಮಣ್ಣು ಬರುತ್ತದೆ ಎಂಬುದು ಅದರ ವಸ್ತು. ಈ ವಿಷಯವನ್ನು ಕನ್ನಡಕ್ಕೆ ತಂದವನು ಇಮ್ಮಡಿ ಚಾವುಂಡರಾಯ. ಸುಮಾರು ಕ್ರಿ.ಶ. ೧೦೨೫ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಅವನು ರಚಿಸಿದ ಲೋಕೋಪಕಾರದಲ್ಲಿ ಜಲಶೋಧವೂ ವೃಕ್ಷಾಯುರ್ವೇದವೂ ಒಂದೇ ಗ್ರಂಥದ ಭಾಗಗಳಾಗಿ ಬಂದಿವೆ. ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ಒಯ್ದವನು ಜಯಸಿಂಹನ ಮಗ ಒಂದನೆಯ ಸೋಮೇಶ್ವರ. ಹಾಗಾಗಿ ಲೋಕೋಪಕಾರ ಹುಟ್ಟಿದ ಕಾಲದ ಆಳ್ವಿಕೆಯ ಕೇಂದ್ರ ಇದೇ ಕಾಗಿಣಾ ಸೀಮೆಯಾಗಿತ್ತು ಎಂಬುದನ್ನು ಗಮನಿಸಬೇಕು.

ಉದಕಾರ್ಗಳದ ಎಲ್ಲ ಸೂತ್ರಗಳೂ ಇಂದಿನ ಭೂಜಲಶಾಸ್ತ್ರಕ್ಕೆ ಒಪ್ಪಿತವಾಗುತ್ತವೆಂದು ಹೇಳಬೇಕಾಗಿಲ್ಲ. ಮುಖ್ಯವಾದುದು ಅದರ ತರ್ಕ. ಕಣ್ಣಿಗೆ ಬೀಳದ ಒಂದು ವಸ್ತುವನ್ನು ಅದರೊಡನೆ ನಿತ್ಯಸಂಬಂಧವುಳ್ಳ, ಕಣ್ಣಿಗೆ ಬೀಳುವ ಹಲವು ಲಕ್ಷಣಗಳ ಕೂಟದಿಂದ ಗೊತ್ತುಮಾಡುವುದು. ಒಂದು ಲಕ್ಷಣ ಸಾಲದು. ಮರ, ಹುತ್ತ, ದಿಕ್ಕು, ಮಣ್ಣು ಎಲ್ಲವೂ ಕೂಡಿಬರಬೇಕು. ಬಾವಿ ತೋಡುವವರು ಅತ್ತಿಯ ಮರವನ್ನು ನೀರಿನ ಗುರುತೆಂದು ಇಂದಿಗೂ ನಂಬುವುದು ಇದೇ ತರ್ಕದ ಜನಪದ ರೂಪ. ಉಪಗ್ರಹವನ್ನು ಆಶ್ರಯಿಸಿದ ಆವಾಸಶೋಧದಲ್ಲಿ ನಡೆಯುವುದು ಇದರ ಮಗ್ಗುಲು ಬದಲಾದ ಕ್ರಿಯೆ. ಅಲ್ಲಿ ಗಿಡದಿಂದ ನೀರನ್ನು ಊಹಿಸುತ್ತಿದ್ದರು. ಇಲ್ಲಿ ಬೆಳಕು, ಇಳಿಜಾರು, ತೇವ, ಶಾಖಗಳಿಂದ ಗಿಡವನ್ನು ಊಹಿಸುತ್ತಾರೆ.

ಆಕಾಶದಿಂದ ಓದಿದ ಹಸಿರು

ಭಾರತದಲ್ಲಿ ದೂರಸಂವೇದಿ ತಂತ್ರದ ಮೊದಲ ಪ್ರಯೋಗ ನಡೆದುದು ಒಂದು ಕಾಯಿಲೆಬಿದ್ದ ಮರದ ಮೇಲೆ ಎಂಬುದು ಸಸ್ಯಾಸಕ್ತರಿಗೆ ರುಚಿಸುವ ಸಂಗತಿ. ೧೯೭೦ರ ಸುಮಾರಿಗೆ ಪಿ. ಆರ್. ಪಿಷಾರಟಿ ಅವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಅವಗೆಂಪು ಕಿರಣಗಳನ್ನು ಗ್ರಹಿಸುವ ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರುಸೊರಗು ರೋಗ ತಗಲಿದ ಮರಗಳನ್ನು ಗುರುತಿಸಲಾಯಿತು. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಗೆಂಪು ಕಿರಣಗಳನ್ನು ಹೇರಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಸೊರಗಿದ ಎಲೆಯಲ್ಲಿ ಈ ಅಂತರ ಕಡಿಮೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಹಸಿರಿನ ಸೂಚ್ಯಂಕ. ಇಂದಿನ ಸಸ್ಯಸಂಬಂಧಿ ಉಪಗ್ರಹ ಅಧ್ಯಯನಗಳಲ್ಲಿ ಬಹುಪಾಲು ಈ ಒಂದು ಸರಳ ಭಾಗಾಕಾರದ ಮೇಲೆ ನಿಂತಿವೆ.

೧೯೭೦ರ ದಶಕದ ಮಧ್ಯದಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ತಲೆಯೆತ್ತಿತು. ೨೦೦೮ರಲ್ಲಿ ಅದು ರಾಷ್ಟ್ರೀಯ ದೂರಸಂವೇದಿ ಕೇಂದ್ರವಾಯಿತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಬೆಂಗಳೂರಿನಲ್ಲಿ ೧೯೮೬ರಲ್ಲಿ ಸ್ಥಾಪನೆಗೊಂಡಿತು. ೧೯೮೮ರ ಮಾರ್ಚ್ ೧೭ರಂದು ಭಾರತದ ಸ್ವಂತ ದೂರಸಂವೇದಿ ಉಪಗ್ರಹ ಐ.ಆರ್.ಎಸ್–೧ಎ ಬೈಕನೂರಿನಿಂದ ಕಕ್ಷೆ ಸೇರಿತು. ೧೯೯೦ರ ದಶಕದ ಕೊನೆಯಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬಾಹ್ಯಾಕಾಶ ಇಲಾಖೆ ಜೊತೆಗೂಡಿ ದೇಶದ ಸಸ್ಯವೈವಿಧ್ಯವನ್ನು ಭೂದೃಶ್ಯದ ನೆಲೆಯಲ್ಲಿ ಗುರುತಿಸುವ ಬೃಹತ್ ಯೋಜನೆ ಕೈಗೊಂಡವು. ಪಶ್ಚಿಮಘಟ್ಟ, ಈಶಾನ್ಯ ಭಾರತ, ಪಶ್ಚಿಮ ಹಿಮಾಲಯ ಮತ್ತು ಅಂಡಮಾನ್ ದ್ವೀಪಗಳು ಮೊದಲ ಹಂತಕ್ಕೆ ಆಯ್ಕೆಯಾದವು. ಒಣನಾಡು ಕಾಯಬೇಕಾಯಿತು. ಇದು ಆಕಸ್ಮಿಕವೆನಿಸುವುದಿಲ್ಲ. ಹಸಿರು ಹೆಚ್ಚಿದ್ದಲ್ಲಿ ಗಿಡ ಹೆಚ್ಚು ಅಮೂಲ್ಯ ಎಂಬ ಎಣಿಕೆ ನಮ್ಮ ಪರಿಸರಚಿಂತನೆಯಲ್ಲಿಯೇ ಬೇರೂರಿದೆ.

ಅಪರೂಪದ ಸಸ್ಯವೊಂದು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕಾಣುವುದು ಅದು ಬದುಕಬಲ್ಲ ನೆಲ. ಗಿಡ ದೊರೆತ ಕೆಲವು ಸ್ಥಳಗಳ ಅಕ್ಷಾಂಶ–ರೇಖಾಂಶಗಳನ್ನು, ಆ ಸ್ಥಳಗಳ ಮಳೆ, ಉಷ್ಣತೆ, ಎತ್ತರ, ಇಳಿಜಾರು, ಹಸಿರಿನ ಸೂಚ್ಯಂಕಗಳೊಡನೆ ಗಣಕಯಂತ್ರಕ್ಕೆ ಕೊಟ್ಟರೆ, ಅಂತಹವೇ ಲಕ್ಷಣಗಳು ಕೂಡಿಬರುವ ಬೇರೆ ಸ್ಥಳಗಳನ್ನು ಅದು ಶ್ರೇಣೀಕರಿಸಿ ತೋರಿಸುತ್ತದೆ. ೨೦೦೬ರಲ್ಲಿ ಫಿಲಿಪ್ಸ್, ಆಂಡರ್ಸನ್ ಮತ್ತು ಶಾಪೈರ್ ಪ್ರತಿಪಾದಿಸಿದ ಮ್ಯಾಕ್ಸೆಂಟ್ ಎಂಬ ಗಣಿತಮಾದರಿ ಇದರಲ್ಲಿ ಹೆಚ್ಚು ಬಳಕೆಗೆ ಬಂದಿತು. ಗಿಡ ಇಲ್ಲವೆಂದು ಖಚಿತವಾದ ಸ್ಥಳಗಳ ಪಟ್ಟಿಯನ್ನು ಅದು ಬೇಡುವುದಿಲ್ಲ, ಇರುವ ಕೆಲವೇ ಸ್ಥಳಗಳಿಂದ ಕೆಲಸ ನಡೆಸುತ್ತದೆ. ಅಳಿವಿನಂಚಿನ ಸಸ್ಯಗಳ ಅಧ್ಯಯನಕ್ಕೆ ಇದು ಒಗ್ಗಿದ್ದು ಸಹಜ.

ಭಾರತದಲ್ಲಿ ಈ ಕ್ರಮದ ಎರಡು ಅಧ್ಯಯನಗಳು ೨೦೧೨ರಲ್ಲಿ ಬೆಳಕು ಕಂಡವು. ಅಧಿಕಾರಿ, ಬಾರಿಕ್ ಮತ್ತು ಉಪಾಧ್ಯಾಯ ಅವರು ಮೇಘಾಲಯದ ಖಾಸಿ ಬೆಟ್ಟಗಳಿಗೆ ಸೀಮಿತವಾದ ಐಲೆಕ್ಸ್ ಖಾಸಿಯಾನಾ ಎಂಬ ಮರವನ್ನು ಮರಳಿ ನೆಡಲು ತಕ್ಕ ನೆಲೆಗಳನ್ನು ಈ ರೀತಿ ಗುರುತಿಸಿ, ನೆಲದ ಮೇಲೆ ಹೋಗಿ ಪರೀಕ್ಷಿಸಿದರು. ಇನ್ನೊಂದು, ಬಾಬರ್ ಮತ್ತು ಸಂಗಡಿಗರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ರಕ್ತಚಂದನದ ಅಧ್ಯಯನ. ಚಿಂಚೋಳಿಯ ದೃಷ್ಟಿಯಿಂದ ಈ ಎರಡನೆಯದು ಹೆಚ್ಚು ಪ್ರಸ್ತುತ.

ಚಿಂಚೋಳಿಯ ಕಾಡು ಮತ್ತು ಚೌಕಗಳ ಲೆಕ್ಕ

ಮುಲ್ಲಾಮಾರಿ ನದಿಯ ಸೀಮೆಯಿಂದ ತೆಲಂಗಾಣದ ಗಡಿಯವರೆಗೆ ಹಬ್ಬಿರುವ ಚಿಂಚೋಳಿ–ಕುಂಚಾವರಂ ಬೆಟ್ಟಸಾಲಿನ ೧೩೪.೮೮ ಚದರ ಕಿಲೋಮೀಟರ್ ಅರಣ್ಯವನ್ನು ೨೦೧೧ರ ನವೆಂಬರಿನಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಇದನ್ನು ಬಣ್ಣಿಸಲಾಗುತ್ತದೆ. ಚಂದ್ರಂಪಳ್ಳಿ ಜಲಾಶಯ ಇದರ ಮಡಿಲಲ್ಲಿದೆ. ಕೆಲವು ಲಂಬಾಣಿ ತಾಂಡಾಗಳೂ ಧಾಮದ ಒಳಗೇ ಇವೆ. ಶ್ರೀಗಂಧ ಮತ್ತು ರಕ್ತಚಂದನಗಳೆರಡೂ ಈ ಕಾಡಿನಲ್ಲಿರುವುದಾಗಿ ಧಾಮದ ವಿವರಣೆಗಳು ಹೇಳುತ್ತವೆ.

ರಕ್ತಚಂದನದ ಹೆಸರು ಇಲ್ಲಿ ಒಂದು ಒಳ್ಳೆಯ ತೊಡಕನ್ನು ತಂದಿಡುತ್ತದೆ. ಟೆರೊಕಾರ್ಪಸ್ ಸ್ಯಾಂಟಲಿನಸ್ ಎಂಬ ಈ ಮರದ ಸಹಜ ನೆಲೆ ಆಂಧ್ರಪ್ರದೇಶದ ಕಡಪ, ಚಿತ್ತೂರು ಕಡೆಯ ಬೆಟ್ಟಗಳೆಂಬುದು ಎಲ್ಲರೂ ಒಪ್ಪಿದ ಮಾತು. ೧೯೯೫ರಿಂದ ಇದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಒಮ್ಮೆ ಕಡಿಮೆ ಅಪಾಯದ ವರ್ಗಕ್ಕೆ ಇಳಿದು, ಬಳಿಕ ಮತ್ತೆ ಅಳಿವಿನಂಚಿನ ವರ್ಗಕ್ಕೆ ಏರಿದೆ. ಹಾಗಾದರೆ ಚಿಂಚೋಳಿಯ ಮರಗಳು ತಾವಾಗಿ ಹುಟ್ಟಿದವೋ ಯಾರೋ ನೆಟ್ಟವೋ? ಉಪಗ್ರಹಕ್ಕೆ ಇವೆರಡರ ಭೇದ ತಿಳಿಯದು. ಗಣಿತಮಾದರಿಗೆ ನೆಟ್ಟ ಮರದ ಸ್ಥಾನವನ್ನು ಹುಟ್ಟಿದ ಮರದ ಸ್ಥಾನವೆಂದು ಕೊಟ್ಟರೆ ಅದು ಅಷ್ಟೇ ಶ್ರದ್ಧೆಯಿಂದ ತಪ್ಪು ನಕ್ಷೆಯನ್ನು ಬರೆದುಕೊಡುತ್ತದೆ. ಈ ಪ್ರಶ್ನೆಗೆ ಉತ್ತರ ಸಿಗಬೇಕಾದುದು ಅರಣ್ಯ ಇಲಾಖೆಯ ನೆಡುತೋಪಿನ ಕಡತಗಳಿಂದ ಮತ್ತು ಸುತ್ತಲಿನ ಹಳ್ಳಿ–ತಾಂಡಾಗಳ ಹಿರಿಯರ ನೆನಪಿನಿಂದ. ಎರಡೂ ಇತಿಹಾಸದ ಆಕರಗಳೇ.

ಅಳತೆಯ ಪ್ರಶ್ನೆಯೂ ಇದೆ. ಆವಾಸಮಾದರಿಗಳಲ್ಲಿ ಹೆಚ್ಚಾಗಿ ಬಳಸುವ ಹವಾಮಾನ ದತ್ತಾಂಶದ ಒಂದೊಂದು ಚೌಕವೂ ಸುಮಾರು ಒಂದು ಕಿಲೋಮೀಟರ್ ಉದ್ದಗಲದ್ದು. ಆ ಲೆಕ್ಕದಲ್ಲಿ ಇಡೀ ಚಿಂಚೋಳಿ ಧಾಮ ಸುಮಾರು ೧೩೫ ಚೌಕಗಳಾಗುತ್ತದೆ. ಒಂದು ಹಳ್ಳ, ಅದರ ಎರಡು ದಂಡೆ, ಮೇಲಿನ ಮರಡಿ, ಕೆಳಗಿನ ಎರೆಹೊಲ ಎಲ್ಲವೂ ಒಂದೇ ಚೌಕದಲ್ಲಿ ಕರಗಿಹೋಗುತ್ತವೆ. ೨೩.೫ ಮೀಟರ್ ಸೂಕ್ಷ್ಮತೆಯ ಭಾರತೀಯ ಲಿಸ್–೩ ಸಂವೇದಕದಲ್ಲಿ ಅದೇ ಧಾಮ ೨ ಲಕ್ಷ ೪೪ ಸಾವಿರ ಚೌಕಗಳಾಗಿ ಒಡೆಯುತ್ತದೆ. ೨೦೧೫ರಿಂದ ಲಭ್ಯವಾದ ಯುರೋಪಿನ ಸೆಂಟಿನೆಲ್–೨ರ ೧೦ ಮೀಟರ್ ಚಿತ್ರದಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿ. ಹಸಿರು ಹೀಗೆ ಸೂಕ್ಷ್ಮವಾಗಿ ದೊರೆತರೂ ಮಳೆ–ಶಾಖಗಳ ಲೆಕ್ಕ ದಪ್ಪವಾಗಿಯೇ ಉಳಿದಿರುವುದರಿಂದ ನಕ್ಷೆಯ ನಿಖರತೆಯನ್ನು ಅದರ ಬಣ್ಣದ ಅಂದದಿಂದ ಅಳೆಯಬಾರದು.

ಪಾಳು ಎಂಬ ಪದ

ಬೆಟ್ಟದಿಂದ ಬಯಲಿಗೆ ಇಳಿದರೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಸುಣ್ಣದ ಕಲ್ಲಿನ ಹಾಸಿನ ಮೇಲೆ ಸಮಸ್ಯೆ ಬೇರೆಯೇ ರೂಪ ತಾಳುತ್ತದೆ. ಭೂವಿಜ್ಞಾನಿಗಳು ಭೀಮಾ ಶಿಲಾವರ್ಗವೆಂದು ಕರೆಯುವ ಈ ಪದ ಪದರದ ಕಲ್ಲಿನ ಮೇಲೆ ಕೆಲವೆಡೆ ಗೇಣು ಮಣ್ಣೂ ಇರುವುದಿಲ್ಲ. ಇಂತಹ ತೆಳುಮಣ್ಣಿನಲ್ಲಿ ಮಳೆಗಾಲದ ಎರಡು ಮೂರು ತಿಂಗಳು ಮಾತ್ರ ಗಡ್ಡೆಗಿಡಗಳೂ ಸಣ್ಣ ಮೂಲಿಕೆಗಳೂ ತಲೆಯೆತ್ತಿ, ಹೂಬಿಟ್ಟು, ಮತ್ತೆ ನೆಲದೊಳಗೆ ಅಡಗುತ್ತವೆ. ಉಳಿದ ಕಾಲ ಅದು ನೋಡಲು ಬೋಳು. ಉಪಗ್ರಹದ ಚಿತ್ರಗಳಿಗೆ ಮೋಡವಿಲ್ಲದ ಆಕಾಶ ಬೇಕು. ಮೋಡವಿಲ್ಲದ ಕಾಲದಲ್ಲಿ ಈ ಗಿಡಗಳು ನೆಲದ ಮೇಲಿರುವುದಿಲ್ಲ. ಗಿಡವಿರುವ ಕಾಲಕ್ಕೆ ಉಪಗ್ರಹ ಮೋಡವನ್ನೇ ನೋಡುತ್ತಿರುತ್ತದೆ.

ಹೀಗೆ ಬೋಳಾಗಿ ಕಂಡ ನೆಲಕ್ಕೆ ಹೆಸರಿಡುವಾಗ ತಂತ್ರಜ್ಞಾನ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದೊಡನೆ ೨೦೦೦ದಲ್ಲಿ ಹೊರತಂದ ಭಾರತದ ಪಾಳುಭೂಮಿ ನಕ್ಷಾಸಂಪುಟದಲ್ಲಿ ಕುರುಚಲು ಇರುವ ಭೂಮಿ, ಕುರುಚಲು ಇಲ್ಲದ ಭೂಮಿ, ಬಂಡೆಗಲ್ಲಿನ ಬಂಜರು ಇವೆಲ್ಲ ಪಾಳಿನ ಉಪವರ್ಗಗಳು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಗಳಲ್ಲಿ ಮರಗಳ ನೆರಳು ಶೇಕಡಾ ೧೦ಕ್ಕಿಂತ ಕಡಿಮೆ ಇರುವ ಅರಣ್ಯಭೂಮಿ ಕುರುಚಲೆನಿಸಿಕೊಂಡು ಅರಣ್ಯಹೊದಿಕೆಯ ಲೆಕ್ಕದಿಂದ ಹೊರಗುಳಿಯುತ್ತದೆ. ಈ ವಿಂಗಡಣೆಯ ಬೇರು ಉಪಗ್ರಹಕ್ಕಿಂತ ಹಳೆಯದು. ಹೈದರಾಬಾದ್ ಸಂಸ್ಥಾನದ ಕಂದಾಯ ಭಾಷೆಯಲ್ಲಿ ಖಾರಿಜ್ ಖಾತಾ ಎಂದರೆ ಯಾರ ಪಟ್ಟೆಗೂ ಸೇರದೆ, ತೆರಿಗೆ ಬಾರದೆ ಉಳಿದ ಭೂಮಿ. ದನಗಳ ಮೇವಿಗೆ ಬಿಟ್ಟದ್ದು ಗಾಯರಾಣ. ತೆರಿಗೆ ಕೊಡದ್ದು ಪಾಳು ಎಂಬ ದಫ್ತರಿನ ತೀರ್ಮಾನವೇ ಬಣ್ಣದ ನಕ್ಷೆಯಲ್ಲಿ ಬೇರೆ ವೇಷದಲ್ಲಿ ಬಂದಿದೆ ಎಂದರೆ ಅತಿಶಯೋಕ್ತಿಯಾಗದು. ಪಾಳೆಂದು ಹೆಸರು ಬಿದ್ದ ಜಾಗವನ್ನು ಗಣಿಗೆ, ಕಾರ್ಖಾನೆಗೆ, ನೆಡುತೋಪಿಗೆ ಕೊಡುವುದು ಸುಲಭ. ಅಪರೂಪದ ಗಡ್ಡೆಗಿಡವೊಂದಕ್ಕೆ ಅದೇ ಕೊನೆಯ ನೆಲೆಯಾಗಿದ್ದರೂ ನಕ್ಷೆ ಅದನ್ನು ಹೇಳುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ನಡೆಯುತ್ತದೆ. ಬಳ್ಳಾರಿ ಜಾಲಿ ಕಡುಬೇಸಿಗೆಯಲ್ಲಿಯೂ ಹಸಿರಾಗಿರುವ ಪರದೇಶಿ ಮುಳ್ಳುಗಿಡ. ಸ್ಥಳೀಯ ಮರಗಳು ಎಲೆಯುದುರಿಸಿ ನಿಂತ ಮಾರ್ಚಿಯ ಚಿತ್ರದಲ್ಲಿ ಹಸಿರಿನ ಸೂಚ್ಯಂಕ ಉಚ್ಚವಾಗಿ ಕಾಣುವುದು ಹಲವು ವೇಳೆ ಈ ಜಾಲಿಯ ದೆಸೆಯಿಂದ. ತೊಗರಿಯ ನಾಡಾದ ಇಲ್ಲಿ ಡಿಸೆಂಬರಿನವರೆಗೆ ಹೊಲದಲ್ಲಿ ನಿಲ್ಲುವ ತೊಗರಿಯೂ ದೂರದಿಂದ ಕುರುಚಲಿನಂತೆಯೇ ತೋರಬಲ್ಲುದು. ಯಾವ ತಿಂಗಳ ಚಿತ್ರ, ಆ ತಿಂಗಳಲ್ಲಿ ಯಾವ ಗಿಡದಲ್ಲಿ ಎಲೆಯಿತ್ತು ಎಂಬುದನ್ನು ಬಲ್ಲವರು ಓದಿದರೆ ಮಾತ್ರ ಚಿತ್ರ ಮಾತಾಡುತ್ತದೆ. ಕುರಿ ಕಾಯುವವರಿಗೆ ಇದು ಪಾಠವಾಗಿ ಕಲಿಸಬೇಕಾದ ವಿಷಯವಲ್ಲ.

ಹೆಸರುಗಳ ಸಾಕ್ಷ್ಯ ಮತ್ತು ಅದರ ಮಿತಿ

ಎರೆ, ಮಸಾರಿ, ಮರಡಿ, ಹಳ್ಳದಂಡೆ, ಗಾಯರಾಣ: ಈ ಸೀಮೆಯ ರೈತರ ಬಾಯಲ್ಲಿರುವ ನೆಲದ ಹೆಸರುಗಳಿವು. ಒಂದೊಂದೂ ಮಣ್ಣಿನ ಬಣ್ಣವನ್ನಷ್ಟೇ ಅಲ್ಲದೆ, ನೀರು ನಿಲ್ಲುವ ಕಾಲ, ಕಲ್ಲಿನ ಪ್ರಮಾಣ, ಬೆಳೆಯುವ ಹುಲ್ಲು, ದನ ಬಿಡಬಹುದಾದ ತಿಂಗಳು ಎಲ್ಲವನ್ನೂ ಅಡಕವಾಗಿ ಹೇಳುತ್ತದೆ. ಪಾಳುಭೂಮಿ ಎಂಬ ಒಂದು ವರ್ಗದಲ್ಲಿ ಅಡಗಿಹೋದುದನ್ನು ಈ ಪದಗಳು ಬಿಡಿಸಿ ತೋರಿಸುತ್ತವೆ. ಉಪಗ್ರಹದ ಚಿತ್ರವನ್ನು ವರ್ಗೀಕರಿಸುವಾಗ ಸ್ಥಳಪರಿಶೀಲನೆಗೆಂದು ಹೋಗುವವರು ಈ ಪದಗಳನ್ನೇ ವರ್ಗಗಳಾಗಿ ಇಟ್ಟುಕೊಂಡು ಹೋದರೆ ನಕ್ಷೆಯ ಸ್ವರೂಪವೇ ಬದಲಾಗಬಹುದು.

ಊರ ಹೆಸರುಗಳದು ಮತ್ತೊಂದು ಬಗೆಯ ಸಾಕ್ಷ್ಯ. ಸ್ಥಳನಾಮಗಳನ್ನು ಇತಿಹಾಸದ ಆಕರವಾಗಿ ಬಳಸುವ ದಾರಿಯನ್ನು ಶಂ. ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ ಕನ್ನಡಕ್ಕೆ ತೋರಿಸಿಕೊಟ್ಟಿತು. ಆ ದಾರಿಯಲ್ಲಿ ಸಸ್ಯಗಳ ಕಥೆಯನ್ನೂ ಹುಡುಕಬಹುದು. ವಾಡಿಗೆ ಹತ್ತಿರದ ಇಂಗಳಗಿಯ ಹೆಸರಿನಲ್ಲಿ ಇಂಗಳದ ಮರ, ಸಂಸ್ಕೃತದ ಇಂಗುದಿ, ನಿಂತಿರುವಂತೆ ತೋರುತ್ತದೆ. ಒಣನಾಡಿನ ಎರೆಮಣ್ಣಿಗೆ ಒಗ್ಗಿದ ಮುಳ್ಳುಮರವದು. ಶಹಾಬಾದಿನ ಸಮೀಪದ ಮುತ್ತಗಾದಲ್ಲಿ ಮುತ್ತುಗವನ್ನೂ, ಚಿಂಚೋಳಿ ತಾಲೂಕಿನ ಚಂದನಕೇರಾದಲ್ಲಿ ಗಂಧವನ್ನೂ ಕಾಣುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆಸೆಯೇ ಪ್ರಮಾಣವಲ್ಲ. ಚಂದನವು ವ್ಯಕ್ತಿನಾಮವೂ ಆಗಿರಬಹುದು. ಹೆಸರು ಬಿದ್ದ ಕಾಲವನ್ನು ಶಾಸನಗಳಿಂದ ಗೊತ್ತುಪಡಿಸದೆ ಗಿಡ ಅಲ್ಲಿ ಎಂದಿನಿಂದ ಇತ್ತೆಂದು ಹೇಳುವುದೂ ಸಲ್ಲದು. ಕೆಲವು ಜಾನಪದ ಅಧ್ಯಯನಗಳಲ್ಲಿ ಸ್ಥಳನಾಮವೊಂದು ಸಿಕ್ಕೊಡನೆ ಕಾಡೊಂದನ್ನು ಕಟ್ಟಿಬಿಡುವ ಉತ್ಸಾಹ ಕಾಣಿಸುತ್ತದೆ. ಅದು ಹಸಿರೆಲ್ಲವನ್ನೂ ಕಾಡೆನ್ನುವ ಯಂತ್ರದ ದೋಷಕ್ಕಿಂತ ಬೇರೆಯಲ್ಲ. ಹೆಸರು, ಮಣ್ಣು, ಹಳೆಯ ಚಿತ್ರ, ಹಿರಿಯರ ಹೇಳಿಕೆ ಈ ನಾಲ್ಕೂ ಕೂಡಿಬಂದಾಗ ಮಾತ್ರ ಊಹೆಗೆ ಬಲ ಬರುತ್ತದೆ. ಇದೂ ಉದಕಾರ್ಗಳದ ತರ್ಕವೇ.

ಬಾಯಿಮಾತಿನ ಸಾಕ್ಷ್ಯವನ್ನು ವಿಜ್ಞಾನ ಒಪ್ಪುತ್ತದೆಯೇ ಎಂಬ ಸಂಶಯಕ್ಕೆ ಅವಕಾಶವಿಲ್ಲ. ಜೀವಿಗಳ ಮರುನೆಲೆಗೊಳಿಸುವಿಕೆ ಕುರಿತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ೨೦೧೩ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಒಂದು ಜೀವಿಯ ಮೂಲನೆಲೆಯನ್ನು ನಿರ್ಧರಿಸಲು ಲಿಖಿತ ದಾಖಲೆಗಳ ಜೊತೆಗೆ ಮೌಖಿಕ ದಾಖಲೆಗಳನ್ನೂ ಆಧಾರವಾಗಿ ಎಣಿಸುತ್ತದೆ. ಲಿಖಿತ ಸಸ್ಯಕೋಶಗಳ ನಡುವೆ ಬಿದ್ದುಹೋದ ಕಲಬುರಗಿಯಂತಹ ಸೀಮೆಗೆ ಇದರ ಬೆಲೆ ದೊಡ್ಡದು. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ೧೯೯೩ರಿಂದ ಅರಣ್ಯ ಇಲಾಖೆಯೊಡನೆ ರೂಪಿಸಿದ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ನೆರೆಯ ಬೀದರ್ ಕಡೆಯ ಕರ್ಪಕಪಳ್ಳಿಯೂ ಒಂದು. ಊರ ವೈದ್ಯರ ತಿಳಿವಿಗೂ ಅಲ್ಲಿ ಬೆಲೆಯಿತ್ತು. ಚಿಂಚೋಳಿಗೆ ಹತ್ತಿರದ ಮಾದರಿ ಅದು.

ಲಂಬಾಣಿ ತಾಂಡಾಗಳ ಸಂಗತಿ ಇಲ್ಲಿ ಗಂಭೀರವಾದುದು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿ ದೇಶ ಸುತ್ತುತ್ತಿದ್ದ ಈ ಸಮುದಾಯಕ್ಕೆ ಮೇವು, ನೀರು, ಮೂಲಿಕೆ ಸಿಗುವ ಎಡೆಗಳ ಜ್ಞಾನ ಬದುಕಿನ ಬಂಡವಾಳವಾಗಿತ್ತು. ನೆಲೆನಿಂತ ಮೇಲೆ ಆ ಜ್ಞಾನ ತಾಂಡಾದ ಸುತ್ತಲಿನ ಕಾಡಿಗೆ ಅನ್ವಯವಾಯಿತು. ಧಾಮದ ಒಳಗಿನ ತಾಂಡಾಗಳ ಸ್ಥಳಾಂತರದ ವಿಚಾರ ಬಂದಾಗಲೆಲ್ಲ ಪರಿಹಾರ, ಮನೆ, ಹೊಲಗಳ ಲೆಕ್ಕ ಮುಂದೆ ಬರುತ್ತದೆ, ಬರಬೇಕಾದುದೂ ಹೌದು. ಯಾವ ಹಳ್ಳದ ತಿರುವಿನಲ್ಲಿ ಯಾವ ಬೇರು ಸಿಗುತ್ತದೆಂಬುದು ಮಾತ್ರ ಆ ಹಳ್ಳದ ತಿರುವನ್ನು ಬಿಟ್ಟು ದೂರ ಹೋದವರ ಮಕ್ಕಳಿಗೆ ಹೇಳಿಕೊಡಲು ಬರುವುದಿಲ್ಲ. ಗೋರ್‌ಬೋಲಿಯ ಸಸ್ಯನಾಮಗಳನ್ನು ಸ್ಥಳದೊಡನೆ ದಾಖಲಿಸುವ ಕೆಲಸ ಯಾವ ಸ್ಥಳಾಂತರಕ್ಕೂ ಮುಂಚೆ ನಡೆಯಬೇಕು.

ಎಪ್ಪತ್ತೆರಡರ ಬರ ಮತ್ತು ಮೊದಲ ಚಿತ್ರಗಳು

ಅಮೆರಿಕದ ಮೊದಲ ಭೂಸಂಪನ್ಮೂಲ ಉಪಗ್ರಹ ಲ್ಯಾಂಡ್‌ಸ್ಯಾಟ್–೧ ಕಕ್ಷೆ ಸೇರಿದುದು ೧೯೭೨ರ ಜುಲೈ ೨೩ರಂದು. ಸುಮಾರು ೮೦ ಮೀಟರ್ ಸೂಕ್ಷ್ಮತೆಯ ಅದರ ಕಣ್ಣಿಗೆ ಚಿಂಚೋಳಿ ಧಾಮದಷ್ಟು ಭೂಮಿ ೨೧ ಸಾವಿರ ಚೌಕಗಳಾಗಿ ಕಾಣುತ್ತಿತ್ತು. ೨೦೦೮ರಲ್ಲಿ ಈ ಉಪಗ್ರಹಸರಣಿಯ ಹಳೆಯ ಚಿತ್ರಭಂಡಾರವನ್ನು ಬೆಲೆಯಿಲ್ಲದೆ ಎಲ್ಲರಿಗೂ ತೆರೆಯಲಾಯಿತು. ಸೇಡಂ ಮತ್ತು ಮಳಖೇಡಗಳ ಸಿಮೆಂಟು ಕಾರ್ಖಾನೆಗಳು ಏಳುವುದಕ್ಕೆ ಹತ್ತು ವರ್ಷ ಮುಂಚಿನ ನೆಲವನ್ನು ಮೇಲಿನಿಂದ ನೋಡಬಯಸುವವರಿಗೆ ಇಂದು ಸುಲಭವಾಗಿ ದೊರೆಯುವ ಆಧಾರ ಈ ಸರಣಿಯ ೧೯೭೦ರ ದಶಕದ ಚಿತ್ರಗಳು.

ಈ ಉಪಗ್ರಹ ಹಾರಿದ ವರ್ಷವನ್ನು ಉತ್ತರ ಕರ್ನಾಟಕದ ಹಳ್ಳಿಗರು ಬೇರೆಯದೇ ಕಾರಣಕ್ಕೆ ಬಲ್ಲರು. ಅದು ಎಪ್ಪತ್ತೆರಡರ ಬರದ ವರ್ಷ. ಹುಟ್ಟು, ಮದುವೆ, ಸಾವುಗಳ ಕಾಲವನ್ನು ಹಿರಿಯರು ಆ ಬರದಿಂದ ಹಿಂದೆ ಮುಂದೆ ಎಣಿಸುವುದು ಇಂದಿಗೂ ಉಂಟು. ಕ್ಷೇತ್ರಕಾರ್ಯದ ದೃಷ್ಟಿಯಿಂದ ಇದು ಅಪೂರ್ವ ಯೋಗಾಯೋಗ. ನೆನಪಿನ ಕಾಲಗಣನೆಯೂ ಚಿತ್ರದ ಕಾಲಗಣನೆಯೂ ಒಂದೇ ವರ್ಷದಲ್ಲಿ ಸಂಧಿಸುತ್ತವೆ. ಬರದಲ್ಲಿ ದನಗಳನ್ನು ಯಾವ ಮರಡಿಗೆ ಅಟ್ಟಲಾಯಿತು, ಯಾವ ಗಡ್ಡೆಯನ್ನು ಅಗೆದು ತಿನ್ನಲಾಯಿತು, ಯಾವ ಹಳ್ಳದಲ್ಲಿ ಕೊನೆಯವರೆಗೆ ಹಸಿರು ಉಳಿದಿತ್ತು, ಬಳ್ಳಾರಿ ಜಾಲಿ ಊರಿಗೆ ಬಂದುದು ಬರಕ್ಕೆ ಮೊದಲೋ ಆಮೇಲೋ ಎಂಬ ಪ್ರಶ್ನೆಗಳನ್ನು ಆ ದಶಕದ ಚಿತ್ರಗಳನ್ನು ಮುಂದಿಟ್ಟುಕೊಂಡು ಕೇಳಬಹುದು. ಬರಗಾಲದ ಆಹಾರವಾಗಿದ್ದ ಗಡ್ಡೆಗಿಡಗಳೇ ಇಂದು ಅಪರೂಪವಾದವುಗಳ ಸಾಲಿನಲ್ಲಿ ಬರುವ ಸಂಭವವಿರುವುದರಿಂದ ಈ ಪ್ರಶ್ನೆಗಳು ಸಸ್ಯವಿಜ್ಞಾನಿಗೂ ಬೇಕಾದವೇ.

ಉತ್ತರ ಹೇಳಬಲ್ಲವರು ಆ ವರ್ಷ ದನ ಕಾಯುತ್ತಿದ್ದ ಹುಡುಗ ಹುಡುಗಿಯರು. ಆಗ ಹದಿನಾರು ಹದಿನೇಳರ ಪ್ರಾಯದವರಾಗಿದ್ದವರಿಗೆ ಇಂದು ಎಪ್ಪತ್ತು ಆಗುತ್ತ ಬಂದಿದೆ.